ಮತ್ತೋಡಿಗೆ ಬಸ್, ಮೂರು ಕಾಲಂ

"ಅಳೆದು ನೋಡೀವಪ್ಪ. ಮತ್ತೋಡು ಅನ್ನೋ ಅಕ್ಷರ ನನ್ನ ಹೆಬ್ಬೆಟ್ಟಿನಷ್ಟು ಅವೆ. ನಮ್ಮೂರ ಅಕ್ಷರ ಜೋಳದ ಕಾಳಿನಷ್ಟು ಅವೆ. ಇದಕ್ಕೇನಂತೀಯ?"

ಬೆಳಿಗ್ಗೆ ಏಳೂವರೆ. ಚಿತ್ರದುರ್ಗದಾಗೆ ನನ್ನ ರೂಮಿನ ಬಾಗ್ಲಾಗೆ ಬಾಯಿಗೆ ಬ್ರಷ್ ಇಟ್ಕಂಡು ನಿಂತಿದ್ದೆ. ಯಾರು, ಎಲ್ಲಿಂದ ಅಂತ ಕೇಳೋದ್ರೊಳಗೆ ಆ ಕಡೆ ಫೋನು ಕೈ ಬದಲಾಯ್ತು. ಈ ಸಲ ಗೊತ್ತಿರೋ ದನಿ. ಚಿಕ್ಕಜಾಜೂರಿನಾಗೆ ನಮ್ಮ ಪೇಪರ್ ಹಾಕೋ ಏಜೆಂಟ್ ಅಕ್ಕ. ಬಂಡಲ್ ತಡ ಆದ ದಿನ ಏಜೆಂಟರಿಗೆ ಫೋನ್ ಮಾಡಿ ಬೈಸ್ಕಳೋ ಕೆಲ್ಸ ನಂದೇ ಆಗಿದ್ರಿಂದ ಅಕ್ಕನ ಹತ್ರ ನನ್ನ ನಂಬರ್ ಇತ್ತು.

"ಲೇ ತಮ್ಮ, ಇವತ್ತಿನ ಮೂರನೇ ಪುಟ ಕಟ್ಟಿದ್ದು ನೀನೇನಾ?"

"ಹೂನಕ್ಕ."

"ಹಂಗಾದ್ರೆ ನೀನೇ ಬಂದು ಹೇಳು. ಅಂಗಡಿ ಮುಂದೆ ಜನ ನಿಂತವ್ರೆ. ನಾಳೆಯಿಂದ ಪೇಪರ್ ಬ್ಯಾಡ ಅಂತಾವ್ರೆ. ಒಬ್ರಲ್ಲ, ಇಬ್ರಲ್ಲ, ಮೂವತ್ತು ಮನೆ. ಮೂವತ್ತು ಹೋದ್ರೆ ನನ್ನ ಏಜೆನ್ಸಿ ಉಳೀತೈತಾ?"

ಉಳಿಯಲ್ಲ. ಅದು ನಂಗೂ ಗೊತ್ತಿತ್ತು. ಅಕ್ಕ ಹಾಕೋದು ಅರವತ್ತೆರಡು ಪೇಪರ್. ಐವತ್ತಕ್ಕಿಂತ ಕೆಳಗೆ ಬಂದ್ರೆ ಆ ಊರಿನ ಏಜೆನ್ಸಿ ತೆಗ್ದು ಹೊಳಲ್ಕೆರೆ ಏಜೆಂಟಿಗೆ ಸೇರಿಸ್ತಾರೆ, ಅದು ನಮ್ಮ ಆಫೀಸಿನ ಪದ್ಧತಿ. ಅಕ್ಕ ಎಂಟು ವರ್ಷದಿಂದ ಬೆಳಿಗ್ಗೆ ಆರಕ್ಕೆ ಸ್ಕೂಟಿ ಮೇಲೆ ಪೇಪರ್ ಹಾಕ್ತಾಳೆ. ಊರಾಗೆ ಅವಳ ಹೆಸರು ಹಿಡಿದು ಯಾರೂ ಕರೆಯಲ್ಲ, ಪೇಪರಕ್ಕ ಅಂತಾರೆ. ಏಜೆನ್ಸಿ ಹೋದ್ರೆ ಆ ಹೆಸರೂ ಹೋಗ್ತೈತೆ. ಬ್ರಷ್ ತೆಗ್ದು ಬಾಯಿ ಮುಕ್ಕಳಿಸಿದೆ. ಟೀ ಕುಡಿಯೋ ಮನಸ್ಸಾಗ್ಲಿಲ್ಲ.

ಆಗಿದ್ದು ಏನಂದ್ರೆ, ಮೂರನೇ ಪುಟ ಜಿಲ್ಲಾ ಪುಟ. ಪುಟದ ಅಗಲ ಎಂಟು ಕಾಲಂ. ಮೇಲ್ಭಾಗದಾಗೆ ಎರಡು ಕಾಲಂ ಜಾಹೀರಾತು ತಿಂದಿತ್ತು. ಉಳಿದಿದ್ದು ಆರು. ಅದ್ರಾಗೆ ಮೂರು ಕಾಲಂ ಒಂದು ಸುದ್ದಿಗೆ, ಮೂರು ಕಾಲಂ ಇನ್ನೊಂದು ಸುದ್ದಿಗೆ. ಎಡಗಡೆ ಸುದ್ದಿ, ಹೊಸದುರ್ಗ ತಾಲ್ಲೂಕಿನ ಮತ್ತೋಡಿಗೆ ಬೆಳಿಗ್ಗೆ ಹೊತ್ತು ಕಾಲೇಜು ಹುಡುಗರಿಗೆ ಒಂದು ಬಸ್ ಬಿಟ್ಟವ್ರೆ ಅಂತ. ಬಲಗಡೆ ಸುದ್ದಿ, ಹಿರಿಯೂರಿನಾಗೆ ಕುರಿ ಉಣ್ಣೆ ಕತ್ತರಿಸೋ ಸ್ಪರ್ಧೆ ಆಯ್ತು, ಚಿಕ್ಕಜಾಜೂರಿನವ್ರು ಗೆದ್ರು ಅಂತ. ಎರಡಕ್ಕೂ ಒಂದೇ ಅಗಲ. ಹೆಡ್ಡಿಂಗ್ ಹಾಕಿದ್ದು ನಾನು.

ಎಡಗಡೆ: ಮತ್ತೋಡಿಗೆ ಬಸ್.

ಬಲಗಡೆ: ಉಣ್ಣೆ ಕತ್ತರಿಸುವ ಸ್ಪರ್ಧೆ: ಚಿಕ್ಕಜಾಜೂರು ತಂಡಕ್ಕೆ ಪ್ರಥಮ ಸ್ಥಾನ.

ಎರಡನ್ನೂ ಒಂದೊಂದೇ ಸಾಲಿನಾಗೆ, ಈ ಅಂಚಿಂದ ಆ ಅಂಚಿಗೆ ತುಂಬ್ಸಿದ್ದೆ. ಬಸ್ಸಿನ ಅಕ್ಷರ ಎಮ್ಮೆ ಥರ ಅಡ್ಡಡ್ಡ ಮಲಗಿದ್ವು. ಉಣ್ಣೆ ಅಕ್ಷರ ಇರುವೆ ಸಾಲು. ಇಷ್ಟೇ ಆಗಿದ್ರೆ ಯಾರೂ ಕೇಳ್ತಿರ್ಲಿಲ್ಲ. ಸ್ಪರ್ಧೆಯಾಗೆ ಚಿಕ್ಕಜಾಜೂರಿನವ್ರು ಫೈನಲ್ಲಿನಾಗೆ ಸೋಲಿಸಿದ್ದು ಯಾವೂರಿನವ್ರನ್ನ ಅಂತ ನಂಗೆ ಗೊತ್ತಿರ್ಲಿಲ್ಲ, ಸುದ್ದಿ ಓದಿರ್ಲಿಲ್ಲ. ಮತ್ತೋಡಿನವ್ರನ್ನ.

ನಾನು ಸುದ್ದಿ ಓದಲ್ಲ, ಅದನ್ನ ಮುಚ್ಚಿಡೋದೇನೈತೆ. ನನ್ನ ಊರು ಹಿರಿಯೂರು ತಾಲ್ಲೂಕಿನ ಐಮಂಗಲ, ಬೆಂಗಳೂರು ಪುಣೆ ರೋಡಿನ ಪಕ್ಕ. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟೆ. ಗೋಡೆ ಮೇಲೆ ಬರೆಯೋ ಪೇಂಟರ್ ಜೊತೆ ಸೇರ್ಕಂಡೆ. ಹೈವೇ ಪಕ್ಕದ ಗೋಡೆ ಮೇಲೆ ಸಿಮೆಂಟು, ಬೋರ್‌ವೆಲ್ಲು, ಬೀಜದ ಕಂಪನಿ, ಎಲ್ಲಾ ನಾವೇ. ಅಲ್ಲಿ ಕಲಿತಿದ್ದು ಒಂದೇ. ಗೋಡೆ ಎಷ್ಟು ಅಗಲ ಐತೋ ಅಕ್ಷರ ಅಷ್ಟು ಅಗಲ ತುಂಬಬೇಕು. ಬಸ್ಸಿನಾಗೆ ಕುಂತೋನು ಕಣ್ಣು ಮಿಟುಕಿಸೋದ್ರೊಳಗೆ ಓದ್ಬೇಕು. ಗೋಡೆ ಖಾಲಿ ಬಿಟ್ರೆ ಮೇಸ್ತ್ರಿ ಬ್ರಷ್ಷಿನಿಂದ ಕಿವಿಗೆ ಬಣ್ಣ ಹಚ್ತಿದ್ದ.

ಆಮೇಲೆ ಫ್ಲೆಕ್ಸ್ ಬಂದು ಗೋಡೆ ಕೆಲ್ಸ ಹೋಯ್ತು. ಚಿತ್ರದುರ್ಗದಾಗೆ ಒಂದು ಸೆಂಟರಿಗೆ ಸೇರಿ ಕಂಪ್ಯೂಟರಿನಾಗೆ ಅಕ್ಷರ ಜೋಡ್ಸೋದು ಕಲಿತೆ. ಅಲ್ಲಿಂದ ಈ ಪೇಪರ್ ಆಫೀಸು. ನಾಕು ಪುಟದ ಪೇಪರ್, ಜಿಲ್ಲೆಯೊಳಗೆ ಮಾತ್ರ ಓಡ್ತೈತೆ. ಒಂದು ತಿಂಗಳು ನೋಡ್ತೀನಿ, ಸರಿ ಬಂದ್ರೆ ಇರು ಅಂದಿದ್ರು ಸರ್. ಸರ್ ಅಂದ್ರೆ ಪೇಪರಿನ ಮಾಲೀಕರು, ಸಂಪಾದಕರೂ ಅವ್ರೇ. ಈ ಫೋನ್ ಬಂದಾಗ ಆ ತಿಂಗಳಾಗೆ ಹನ್ನೆರಡು ದಿನ ಬಾಕಿ ಇತ್ತು.

ಆಫೀಸ್ನಾಗೆ ಪುಟ ಕಟ್ಟೋರು ಒಬ್ರು ಮೇಡಂ. ಹದಿನೈದು ವರ್ಷದಿಂದ ಅದೇ ಕೆಲ್ಸ. ಹೆಡ್ಡಿಂಗಿನ ವಿಷಯ ನಂಗೆ ಹೇಳಿಕೊಟ್ಟಿದ್ದು ಅವ್ರೇ. ಪೇಪರಿನ ಹೆಸರು ಮೇಲೆ ಕುಂತಿರುತ್ತಲ್ಲ, ಅದನ್ನ ಮುಟ್ಟಂಗಿಲ್ಲ, ದಿನಾ ಅದೇ ಜಾಗ, ಅದೇ ಸೈಜು, ಅದೇ ಬಣ್ಣ. ಅದ್ರ ಕೆಳಗೆ ಆ ದಿನದ ದೊಡ್ಡ ಸುದ್ದಿ. ಅದಕ್ಕಿಂತ ದಪ್ಪ ಹೆಡ್ಡಿಂಗ್ ಆ ಪುಟದಾಗೆ ಇನ್ನೊಂದು ಇರಂಗಿಲ್ಲ. ಉಳಿದವೆಲ್ಲ ಕಾಲಂ ಲೆಕ್ಕ. ಒಂದು ಕಾಲಮ್ಮಿಗೆ ಒಂದು ಸೈಜು, ಎರಡಕ್ಕೆ ಒಂದು, ಮೂರಕ್ಕೆ ಒಂದು.

"ಮೂರು ಕಾಲಂ ಅಂದ್ರೆ ಎಲ್ಲಾ ಮೂರು ಕಾಲಮ್ಮಿಗೂ ಅದೇ ಸೈಜು" ಅಂದಿದ್ರು ಮೇಡಂ. "ಅಕ್ಷರ ಕಮ್ಮಿ ಬಿದ್ರೆ ಒಂದು ಪದ ಸೇರ್ಸು. ಜಾಸ್ತಿ ಆದ್ರೆ ಎರಡು ಸಾಲು ಮಾಡು. ಸೈಜು ಮಾತ್ರ ಮುಟ್ಬ್ಯಾಡ."

ನಂಗೆ ಅದು ಸುಮ್ನೆ ಶಾಸ್ತ್ರ ಅನ್ನಿಸ್ತು. ಬಸ್ ಬಂತು ಅಂದ್ರೆ ಬಸ್ ಬಂತು. ಅದಕ್ಕೆ "ಕೊನೆಗೂ", "ಬಹುದಿನಗಳ ಕನಸು ನನಸು" ಅಂತ ಬಾಲ ಯಾಕೆ ಕಟ್ಬೇಕು? ಎರಡು ಸಾಲು ಮಾಡೋದೂ ನಂಗಾಗಲ್ಲ. ಕನ್ನಡ ಅಕ್ಷರಕ್ಕೆ ಮೇಲೂ ಜಾಗ ಬೇಕು, ಕೆಳಗೂ ಜಾಗ ಬೇಕು. ಮೇಲಿನ ಸಾಲಿನ ಒತ್ತು ಕೆಳಗೆ ಇಳೀತೈತೆ, ಕೆಳಗಿನ ಸಾಲಿನ ಗುಡಿಸು ಮೇಲೆ ಏಳ್ತೈತೆ, ಎರಡೂ ಕೊಂಬು ಸಿಗಿಸ್ಕಂಡ ಟಗರಿನ ಥರ ನಿಂತ್ಕಂತವೆ. ಸಾಲು ದೂರ ಮಾಡಿದ್ರೆ ಜಾಗ ದಂಡ. ಒಂದೇ ಸಾಲು ಇದ್ರೆ ಈ ಗೋಳೇ ಇಲ್ಲ.

ಇನ್ನೂ ಬ್ಯಾಡವಾದ್ದು ಅಲಂಕಾರ. ಅಕ್ಷರದ ಹಿಂದೆ ನೆರಳು, ಸುತ್ತ ಬಿಳಿ ಗೆರೆ, ಕೆಂಪು ಪಟ್ಟಿ ಮೇಲೆ ಹಳದಿ ಅಕ್ಷರ, ಕೊನೆಗೆ ಮೂರು ಆಶ್ಚರ್ಯದ ಚಿಹ್ನೆ. ಸರ್‌ಗೆ ಅವೆಲ್ಲ ಇಷ್ಟ. ಒಂದ್ಸಲ ಈರುಳ್ಳಿ ಸುದ್ದಿಗೆ ಅಕ್ಷರದೊಳಗೇ ಈರುಳ್ಳಿ ಫೋಟೋ ತುಂಬ್ಸು ಅಂದ್ರು. ತುಂಬ್ಸಿದೆ. ಅಕ್ಷರ ಯಾವ್ದು ಈರುಳ್ಳಿ ಯಾವ್ದು ಗೊತ್ತಾಗ್ಲಿಲ್ಲ. "ಚೆನ್ನಾಗಿಲ್ಲ ಸರ್" ಅಂದೆ. "ನಿನ್ನ ಯಾರು ಕೇಳಿದ್ರು" ಅಂದ್ರು. ಆದ್ರೂ ತೆಗ್ಸಿದ್ರು.

ಬುಧವಾರ ಮೇಡಂ ಹೊಸದುರ್ಗಕ್ಕೆ ಮದುವೆಗೆ ಹೋಗಿದ್ರು. ಮೂರನೇ ಪುಟ ನನ್ನ ಕೈಗೆ ಬಂತು. ಬಸ್ಸಿನ ಸುದ್ದಿ ಐದೇ ಸಾಲು, ಜಾಗ ಉಳಿದಿತ್ತು, ಅಕ್ಷರ ಹಿಗ್ಗಿಸಿದೆ. ಉಣ್ಣೆ ಸುದ್ದಿ ಉದ್ದ ಇತ್ತು, ಜಾಗ ಇರ್ಲಿಲ್ಲ, ಅಕ್ಷರ ಕುಗ್ಗಿಸಿದೆ. ಎರಡೂ ಗೋಡೆ ತುಂಬಿದ್ವು. ಚೆಂದ ಬಂತು ಅನ್ಕಂಡೆ. ಸಂಜೆ ಏಳಕ್ಕೆ ಪುಟ ಕಳಿಸಿ ಮಿರ್ಚಿ ತಿಂದು ಮಲಗಿದ್ದೆ. ಗುರುವಾರ ಬೆಳಿಗ್ಗೆ ಈ ಫೋನು.

ಸರ್ ಮನೆಗೆ ಹೋದೆ. ಸರ್ ವರಾಂಡದಾಗೆ ಪೇಪರ್ ಹರಡ್ಕಂಡು ಕುಂತಿದ್ರು. ಅವ್ರಿಗೂ ಅಷ್ಟೊತ್ತಿಗೆ ಫೋನ್ ಬಂದಿತ್ತು.

"ಏನಪ್ಪ ಇದು, ಪೇಪರ್ರೋ ಪೋಸ್ಟರ್ರೋ?"

"ತಪ್ಪಾಗೈತೆ ಸರ್. ನಾಳೆ ಉಣ್ಣೆದು ಇನ್ನೊಂದ್ಸಲ ದೊಡ್ಡದಾಗಿ ಹಾಕಾಣ."

"ಹಾಕಿದ ಸುದ್ದಿ ಎರಡನೇ ಸಲ ಹಾಕೋದು ನನ್ನ ಪೇಪರಿನಾಗೆ ಇಲ್ಲ. ಇವತ್ತು ಇವ್ರಿಗೆ ಹಾಕಿದ್ರೆ ನಾಳೆ ಎಲ್ರೂ ಸ್ಕೇಲ್ ಹಿಡ್ಕಂಡು ಬರ್ತಾರೆ. ನೀನು ಕೆಡಿಸಿದ್ದು, ನೀನೇ ಹೋಗಿ ಸರಿ ಮಾಡ್ಕಂಡ್ ಬಾ. ಆ ಊರಿನ ಕಾಪಿ ಐವತ್ತಕ್ಕಿಂತ ಕೆಳಗೆ ಇಳಿದ್ರೆ ಆಯಮ್ಮನ ಏಜೆನ್ಸಿನೂ ಇಲ್ಲ, ನೀನೂ ಇಲ್ಲ."

ನನ್ನ ವಿಷಯ ಬಿಡು, ನಾನು ಇನ್ನೊಂದು ಕಡೆ ಹೋಗ್ತಿದ್ದೆ. ಆಯಮ್ಮ ಏನು ಮಾಡಿದ್ಲು? ಅದೇ ಯೋಚ್ನೆ ಮಾಡ್ಕಂತ ಹೊಳಲ್ಕೆರೆ ಬಸ್ ಹತ್ತಿದೆ. ಅಲ್ಲಿ ಇಳಿದು ಚಿಕ್ಕಜಾಜೂರಿಗೆ ಇನ್ನೊಂದು.

ಅಕ್ಕನ ಅಂಗಡಿ ರೈಲ್ವೆ ಸ್ಟೇಷನ್ ರೋಡಿನಾಗೆ. ಟೀ, ಬಿಸ್ಕತ್ತು, ಪೇಪರ್. ಮುಂದೆ ಒಂದು ಉದ್ದ ಬೆಂಚು. ನಾನು ಹೋದಾಗ ಹನ್ನೊಂದಾಗಿತ್ತು, ಆದ್ರೂ ಆರೇಳು ಜನ ಅಲ್ಲೇ ಇದ್ರು. ಬೆಂಚಿನ ನಡುವೆ ಪೇಪರ್ ಬಿಚ್ಚಿಟ್ಟಿದ್ರು. ಅದ್ರ ಮೇಲೆ ಉಣ್ಣೆ ಕತ್ತರಿಸೋ ದೊಡ್ಡ ಕಬ್ಬಿಣದ ಕತ್ರಿ. ಪಕ್ಕದಾಗೆ ಕಂಬಳಿ ಹೊದ್ದ ಯಜಮಾನ ಕುಂತಿದ್ದ, ಬೆಳಿಗ್ಗೆ ಫೋನ್ನಾಗೆ ಮಾತಾಡಿದ ದನಿ ಅವಂದೇ. ಗೆದ್ದ ತಂಡದ ಮುಖ್ಯಸ್ಥ. ಅವನ ಹಿಂದೆ ನಿಂತೋನು ಅವನ ಅಳಿಯ, ನನ್ನ ವಯಸ್ಸಿನೋನು, ಅವನೂ ತಂಡದಾಗೆ ಇದ್ದೋನು.

"ನೀನೇನಾ ಅಕ್ಷರ ಬರೆಯೋನು?" ಯಜಮಾನ ಕೇಳ್ದ.

"ಬರೆಯೋನಲ್ಲ ದೊಡ್ಡಪ್ಪ. ಹಾಕೋನು."

"ಎಲ್ಡೂ ಒಂದೇ. ಕುಂತ್ಕ."

"ಯಾಕೆ ಕುಂತ್ಕಂಬೇಕು, ನಿಂತೇ ಹೇಳ್ಲಿ" ಅಂದ ಅಳಿಯ. ಫೋನ್ ತೆಗ್ದು ನನ್ನ ಮೂಗಿನ ಹತ್ರ ಹಿಡಿದ. ಮತ್ತೋಡಿನ ಸೋತ ತಂಡದೋನು ನಮ್ಮ ಪೇಪರಿನ ಫೋಟೋ ಹೊಡೆದು ಸ್ಟೇಟಸ್ ಹಾಕಿದ್ದ. ಎರಡು ಹೆಡ್ಡಿಂಗೂ ಪಕ್ಕಪಕ್ಕ. ಕೆಳಗೆ ಬರೆದಿದ್ದ: "ಸೋತವರ ಅಕ್ಷರ ನೋಡ್ರಿ, ಗೆದ್ದವರ ಅಕ್ಷರ ಹುಡುಕ್ರಿ."

ನಂಗೆ ನಗು ಬಂತು. ತಡ್ಕಂಡೆ. ಪೂರ್ತಿ ತಡ್ಕಂಬಾಕೆ ಆಗ್ಲಿಲ್ಲ.

"ನಗ್ತಾನೆ ನೋಡು ಮಾವ."

"ನಗ್ಲಿ ಬಿಡು. ಬೆಳಿಗ್ಗೆ ನೀನೂ ಒಂದ್ಸಲ ನಕ್ಕೆ, ನಾನು ನೋಡೀನಿ" ಅಂದ ಯಜಮಾನ. ಆಮೇಲೆ ಕತ್ರಿ ಎತ್ತಿ ಅದ್ರ ತುದಿ ನಮ್ಮ ಹೆಡ್ಡಿಂಗ್ ಮೇಲಿಟ್ಟ. "ನೋಡು. ನಮ್ಮೂರು ಈ ತುದಿಯಷ್ಟು. ಬಸ್ಸು ಈ ಹಿಡಿಕೆಯಷ್ಟು. ಮೂರು ತಾಸು ಬಗ್ಗಿ ಕುರಿ ಹಿಡಿದು ಒಂದಕ್ಕೂ ಗಾಯ ಮಾಡ್ದಂಗೆ ಕತ್ತರಿಸಿದೋರು ನಾವು. ಬಸ್ಸು ಏನು ಮಾಡ್ತು? ಬಂತು, ಹೋಯ್ತು."

ಸುತ್ತಿ ಬಳಸಿ ಹೇಳೋದು ನಂಗೆ ಬರಲ್ಲ. ನೆಟ್ಟಗೆ ಹೇಳ್ದೆ. "ದೊಡ್ಡಪ್ಪ, ನಿಮ್ಮ ಹೆಡ್ಡಿಂಗಿನಾಗೆ ಇಪ್ಪತ್ತೆರಡು ಅಕ್ಷರ ಅವೆ. ಅವ್ರದ್ರಾಗೆ ಆರು. ಜಾಗ ಇಬ್ರಿಗೂ ಒಂದೇ. ಒಂದೇ ಅಳತೆ ಕುರಿ ರೊಪ್ಪದಾಗೆ ಆರು ಕುರಿ ಕೂಡಿದ್ರೆ ಕಾಲು ಚಾಚ್ಕಂಡು ಮಲಗ್ತವೆ. ಇಪ್ಪತ್ತೆರಡು ಕೂಡಿದ್ರೆ ಒತ್ಕಂಡು ನಿಂತ್ಕಂತವೆ. ನಿಮ್ಮನ್ನ ಸಣ್ಣದು ಮಾಡ್ಬೇಕು ಅಂತ ಮಾಡಿದ್ದಲ್ಲ."

ಎಲ್ರೂ ಬಗ್ಗಿ ಎಣಿಸಿದ್ರು. ಒಬ್ಬನಿಗೆ ಇಪ್ಪತ್ತೊಂದು ಬಂತು, ಒಬ್ಬನಿಗೆ ಇಪ್ಪತ್ಮೂರು. ಅಕ್ಕ ಟೀ ಸೋಸ್ತಾನೇ ಒಳಗಿಂದ ಎಣಿಸಿ ಇಪ್ಪತ್ತೆರಡೇ ಅಂದ್ಲು.

ಯಜಮಾನ ಪೇಪರಿಂದ ತಲೆ ಎತ್ತಿದ. "ಕುರಿ ಜಾಸ್ತಿ ಅವೆ ಅಂತ ಗೊತ್ತಿದ್ಮೇಲೆ ರೊಪ್ಪ ದೊಡ್ಡದು ಕಟ್ಬೇಕಿತ್ತು. ಇಲ್ಲಾಂದ್ರೆ ಕುರಿ ಕಮ್ಮಿ ಮಾಡ್ಬೇಕಿತ್ತು."

ಮೇಡಂ ಹದಿನೆಂಟು ದಿನದಿಂದ ಹೇಳ್ತಿದ್ದಿದ್ದು ಇದನ್ನೇ. "ನಂಗೆ ಹೊಳೀಲಿಲ್ಲ" ಅಂದೆ.

"ಹೊಳೀಲಿಲ್ಲ ಅಂತ ಒಪ್ಕಂಡ್ನಲ್ಲ, ಅಷ್ಟಾದ್ರೂ ಸರಿ" ಅಂದ್ಲು ಅಕ್ಕ. ನಂಗೂ ಒಂದು ಟೀ ಕೊಟ್ಲು. "ಈಗ ಮುಂದಿಂದು ಹೇಳು. ನಾಳೆ ಹಾಕ್ತೀಯ ದೊಡ್ಡದಾಗಿ?"

"ಇಲ್ಲಕ್ಕ. ಅದೇ ಸುದ್ದಿ ಎರಡು ಸಲ ಹಾಕಲ್ಲ ಅಂತಾರೆ ಸರ್."

ಬೆಂಚು ಗದ್ಲ ಆಯ್ತು. ಅಳಿಯ ಪೇಪರ್ ಮಡಚಿ ಅಕ್ಕನ ಕೈಗೆ ಕೊಟ್ಟ. "ತಗಳಕ್ಕ. ನಮ್ಮ ಮನೆದು ಇವತ್ತಿಗೆ ಮುಗೀತು." ಇನ್ನಿಬ್ರು ಅವನ ಹಿಂದೆ ಎದ್ರು. ಅಕ್ಕ ಪೇಪರ್ ಇಸ್ಕಂಡ್ಲು. ಟೀ ಪಾತ್ರೆ ಕಡೆ ತಿರುಗಿ ನಿಂತ್ಕಂಡ್ಲು. ಅವಳ ಬೆನ್ನು ನೋಡಿ ಟೀ ಲೋಟ ಬೆಂಚಿನ ಮೇಲಿಟ್ಟೆ.

"ತಡಿಯಪ್ಪ" ಅಂದೆ ಅಳಿಯನಿಗೆ. "ಹಳೇ ಸುದ್ದಿ ಹಾಕಲ್ಲ ಅಂದೆ. ಹೊಸ ಸುದ್ದಿ ಏನಾದ್ರೂ ಐತಾ? ನೀವು ಗೆದ್ದಿದ್ದಕ್ಕೆ ಊರಾಗೆ ಯಾರಾದ್ರೂ ಏನಾದ್ರೂ ಮಾಡ್ತಾವ್ರಾ?"

"ಸೋಮವಾರ ಪಂಚಾಯ್ತಿಯಾಗೆ ಸನ್ಮಾನ ಐತೆ. ಶಾಲು, ಹಾರ."

"ಅದನ್ನ ಮೊದ್ಲೇ ಹೇಳ್ಬೇಕಲ್ಲ ಮಾರಾಯ. ಅದು ಹೊಸ ಸುದ್ದಿ. ಮಂಗಳವಾರದ ಪೇಪರಿನಾಗೆ ಹಾಕ್ತೀನಿ. ಆದ್ರೆ ಹೆಡ್ಡಿಂಗ್ ನೀವೇ ಕೊಡ್ರಿ. ಗಿಡ್ಡ ಇರ್ಬೇಕು. ಗಿಡ್ಡ ಇದ್ರೆ ಮಾತ್ರ ದೊಡ್ಡದಾಗಿ ಬರ್ತೈತೆ."

ಬಂಡಲ್ಲಿಗೆ ಸುತ್ತಿ ಬರೋ ಖಾಕಿ ಕಾಗ್ದ ಅಕ್ಕ ತಂದಿಟ್ಲು. ಪೆನ್ನು ಅಳಿಯನ ಕೈಗೆ ಹೋಯ್ತು. ಮೊದ್ಲು ಊರಿನ ಹೆಸರು ಬರೆದ. ಒಬ್ಬ ಅಂದ, ಉಣ್ಣೆ ಅಂತ ಬರ್ಬೇಕು. ಇನ್ನೊಬ್ಬ ಅಂದ, ಪಂಚಾಯ್ತಿ ಅಂತ ಹಾಕ್ದಿದ್ರೆ ಅಧ್ಯಕ್ಷರು ಬೇಜಾರಾಗ್ತಾರೆ. ಮಾವನ ಹೆಸರು ಇರ್ಲಿ ಅಂದ ಅಳಿಯ. ಹಂಗಾದ್ರೆ ನನ್ನ ಹೆಸರೂ ಇರ್ಲಿ, ಕುರಿ ಕಾಲು ಹಿಡಿದಿದ್ದು ನಾನು ಅಂದ ಇನ್ನೊಬ್ಬ. ಅದ್ಭುತ ಸಾಧನೆ ಅಂತ ಸೇರ್ಸ್ರಿ. ಜಿಲ್ಲೆಗೇ ಕೀರ್ತಿ ಅಂತಾನೂ ಸೇರ್ಸ್ರಿ. ಕಾಗ್ದ ಅರ್ಧ ತುಂಬ್ತು.

ಡ್ಯೂಟಿ ಮುಗಿಸಿ ಟೀ ಕುಡೀತಿದ್ದ ರೈಲ್ವೆ ಗ್ಯಾಂಗ್‌ಮನ್ ಒಬ್ಬ ಬಗ್ಗಿ ನೋಡ್ದ. "ಗೂಡ್ಸ್ ಗಾಡಿ ಆತಲ್ರಪ್ಪ ಇದು. ಕೊನೇಗೆ ಗಾರ್ಡಿನ ಡಬ್ಬಿ ಎಲ್ಲಿ ಬರ್ತೈತೆ?"

"ನೀನು ಟೀ ಕುಡಿಯಯ್ಯ" ಅಂದ ಅಳಿಯ. ಆದ್ರೂ ಎಣಿಸ್ದ. ಐವತ್ತು ದಾಟಿದ್ವು.

"ಹಿಂಗೆ ಹಾಕಿದ್ರೆ ಈ ಸಲ ಎಳ್ಳಿನಷ್ಟು ಬರ್ತೈತೆ" ಅಂದೆ. "ಹೊಡ್ದಾಕ್ರಿ."

ಹೊಡ್ದಾಕೋದು ಬರೆಯೋದಕ್ಕಿಂತ ಕಷ್ಟ ಆಯ್ತು. ಅಧ್ಯಕ್ಷರನ್ನ ತೆಗೀಬ್ಯಾಡ ಅಂತ ಒಬ್ಬ, ಉಣ್ಣೆ ತೆಗೀಬ್ಯಾಡ ಅಂತ ಒಬ್ಬ. ಅರ್ಧ ಗಂಟೆ ಇದೇ ನಡೀತು. ಮತ್ತೋಡಿನವ್ರ ಮೇಲಿದ್ದ ಸಿಟ್ಟು ಅವ್ರವ್ರ ಮೇಲೇ ತಿರುಗ್ತು. ನಾನು ಬಿಸ್ಕತ್ತು ತಿಂತಾ ಕುಂತೆ. ಕೊನೆಗೆ ಯಜಮಾನ ಅಳಿಯನ ಕೈಯಿಂದ ಪೆನ್ನು ಕಿತ್ಕಂಡ.

"ಹಿಂಗೇನ್ರೋ ಕತ್ತರಿಸೋದು? ಅಲ್ಲೊಂದು ಕುಚ್ಚು, ಇಲ್ಲೊಂದು ಕುಚ್ಚು. ಚರ್ಮ ಎಲ್ಲೈತೆ ಅಂತ ಮೊದ್ಲು ಬೆರಳಿಟ್ಟು ನೋಡ್ಬೇಕು. ಅಲ್ಲೀಗಂಟ ಇರೋದೆಲ್ಲ ಉಣ್ಣೆ." ಒಂದೊಂದೇ ಸಾಲು ಗೆರೆ ಎಳ್ಕಂತ ಬಂದ. ತನ್ನ ಹೆಸರಿಗೇ ಮೊದ್ಲು ಎಳೆದ. ಆಮೇಲೆ ಬ್ಯಾರೆಯೋರೂ ತಮ್ಮ ತಮ್ಮ ಪದ ಬಿಟ್ಟುಕೊಟ್ರು. ಕೊನೆಗೆ ಉಳಿದಿದ್ದನ್ನ ಸ್ವಲ್ಪ ತಿದ್ದಿ ಬರೆದ: ಚಿಕ್ಕಜಾಜೂರೇ ಮೊದಲು.

"ಎಷ್ಟಾತು?"

ಎಣಿಸಿದೆ. ಎಂಟು.

"ಆರಕ್ಕೆ ಇಳಿಯಲ್ಲ. ಊರಿನ ಹೆಸರೇ ಐದೈತೆ, ಅದನ್ನ ಕತ್ತರಿಸಾಕೆ ಬರಲ್ಲ" ಅಂದ ಯಜಮಾನ. "ಇನ್ನು ರೊಪ್ಪ ಕಟ್ಟೋದು ನಿನ್ನ ಕೆಲ್ಸ."

ಗೋಡೆ ಲೆಕ್ಕ ನಂಗೆ ಯಾವ ಸ್ಕೂಲೂ ಕಲಿಸ್ಬೇಕಾಗಿಲ್ಲ. ಆರು ಅಕ್ಷರ ಮೂರು ಕಾಲಮ್ಮಿಗೆ ಹಾಕಿದ್ದೆ, ಅಂದ್ರೆ ಒಂದು ಅಕ್ಷರಕ್ಕೆ ಅರ್ಧ ಕಾಲಂ. ಎಂಟು ಅಕ್ಷರಕ್ಕೆ ನಾಕು ಕಾಲಂ ಕೊಟ್ರೆ ಅದೂ ಅರ್ಧ ಕಾಲಂ. "ಮತ್ತೋಡಿನಷ್ಟೇ ಆಗ್ತೈತೆ" ಅಂದೆ.

"ಅಷ್ಟೇ ಯಾಕೆ?" ಅಳಿಯ ಎದ್ದ. "ಗೆದ್ದೋರು ನಾವು. ಒಂದು ಬೆರಳಾದ್ರೂ ದೊಡ್ಡದಿರ್ಲಿ."

"ಆಗಲ್ಲ. ದೊಡ್ಡದು ಮಾಡಿದ್ರೆ ಮತ್ತೋಡಿನೋರು ಮಾರನೇ ದಿನ ನನ್ನ ಮನೆ ಬಾಗ್ಲಾಗೆ ನಿಂತಿರ್ತಾರೆ. ಸಮ ಮಾಡ್ತೀನಿ. ಒಂದು ಕೂದ್ಲೂ ಹೆಚ್ಚು ಮಾಡಲ್ಲ."

"ಹಂಗಾದ್ರೆ ನಮಗೆ ನಿಮ್ಮ ಪೇಪರ್ರೇ ಬ್ಯಾಡ."

ಆಗ ಅಕ್ಕ ಟೀ ಪಾತ್ರೆ ಕೆಳಗಿಟ್ಟು ಹೊರಗೆ ಬಂದ್ಲು. "ಲೇ ಅಳಿಯಪ್ಪ, ನೀನು ನನ್ನ ಹತ್ರ ಪೇಪರ್ ತಗಳಾಕೆ ಶುರು ಮಾಡಿ ಎಷ್ಟು ದಿನ ಆತು? ಮದುವೆಯಾಗಿ ಬಂದ್ಮೇಲೆ ತಾನೆ? ನಿಮ್ಮ ಮಾವಗೆ ಎಂಟು ವರ್ಷದಿಂದ ಹಾಕ್ತೀನಿ. ಮಳೆ ಬಂದ್ರೆ ಪೇಪರನ್ನ ಸೆರಗಿನಾಗೆ ಸುತ್ಕಂಡು ಬಂದೀನಿ. ನಾನು ಯಾವತ್ತಾದ್ರೂ ಒಂದು ಬೆರಳು ಹೆಚ್ಚು ಕಮ್ಮಿ ಮಾಡೀನಾ? ಅಕ್ಷರ ಸಣ್ಣ ಮಾಡಿದ್ದು ಇವನು. ಬಿಡೋದು ನನ್ನ ಏಜೆನ್ಸಿನಾ?"

ಅಳಿಯ ಚಪ್ಪಲಿ ನೋಡ್ಕಂಡ. ಯಜಮಾನ ಕತ್ರಿ ಕಂಬಳಿಯೊಳಗೆ ಇಟ್ಕಂಡ. "ಮಂಗಳವಾರದ ತನಕ ಎಲ್ರೂ ಪೇಪರ್ ತಗಳ್ರಿ. ಮಂಗಳವಾರ ನೋಡಾಣ. ಸಮ ಬಂದ್ರೆ ಸಮ. ಇವನು ಮಾತು ತಪ್ಪಿದ್ರೆ ಪೇಪರಕ್ಕ, ನೀನೂ ನನ್ನ ಮೇಲೆ ಬೇಜಾರು ಮಾಡ್ಕಂಬ್ಯಾಡ."

ಆಫೀಸಿಗೆ ವಾಪಸ್ ಬಂದ್ರೆ ಮೇಡಂ ಮದುವೆಯಿಂದ ಬಂದಿದ್ರು. ಮೂರನೇ ಪುಟ ಅವ್ರ ಮುಂದೆ ಇತ್ತು. ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ನಡೆದಿದ್ದೆಲ್ಲ ಹೇಳ್ದೆ.

"ನಾಕು ಕಾಲಂ?" ಅಂದ್ರು ಸರ್. "ಡ್ಯಾಂ ತುಂಬಿದಾಗ ಕೊಟ್ಟಿದ್ದು ನಾಕು ಕಾಲಂ. ಉಣ್ಣೆ ಕತ್ತರಿಸಿದ್ದಕ್ಕೆ ಕೊಡ್ಲಾ?"

"ಮಾತು ಕೊಟ್ಟು ಬಂದೀನಿ ಸರ್."

"ನಿನ್ನ ಕೇಳಿ ನಾನು ಪೇಪರ್ ನಡೆಸ್ಬೇಕಾ?"

ಮೇಡಂ ಕಂಪ್ಯೂಟರಿನಿಂದ ಕಣ್ಣು ತೆಗೀದೆ ಅಂದ್ರು, "ಸುದ್ದಿಗೆ ನಾಕು ಕಾಲಂ ಬ್ಯಾಡ ಸರ್. ಫೋಟೋಗೆ ಕೊಡಾಣ. ಶಾಲು ಹೊದ್ದ ಹತ್ತು ಜನ ಸಾಲಾಗಿ ನಿಂತ್ಕಂತಾರೆ, ಅದು ಹೆಂಗೂ ನಾಕು ಕಾಲಂ ಬೇಡ್ತೈತೆ. ಫೋಟೋ ಎಷ್ಟು ಅಗಲವೋ ಹೆಡ್ಡಿಂಗ್ ಅಷ್ಟು ಅಗಲ."

ಸರ್ ಹೂಂ ಅನ್ನಲೂ ಇಲ್ಲ, ಉಹೂಂ ಅನ್ನಲೂ ಇಲ್ಲ. ಅವ್ರು ಹಂಗಂದ್ರೆ ಹೂಂ ಅಂತ ಅರ್ಥ.

ಸೋಮವಾರ ಫೋಟೋ ಬಂತು. ಹತ್ತಲ್ಲ, ಹದಿನಾರು ಜನ, ನಡುವೆ ಒಂದು ಕುರಿಗೂ ಹಾರ. ಹೆಡ್ಡಿಂಗ್ ಹಾಕಾಕೆ ಕುಂತೆ. ನಾಕು ಕಾಲಮ್ಮಿಗೆ ಮೇಡಂ ಇಟ್ಟಿರೋ ಸೈಜು ಹಾಕ್ದೆ. ಎಂಟು ಅಕ್ಷರ ಮುಕ್ಕಾಲು ಭಾಗಕ್ಕೇ ಮುಗಿದ್ವು, ಬಲಗಡೆ ಖಾಲಿ. ಅಳ್ದು ನೋಡ್ದೆ. ಮತ್ತೋಡಿಗಿಂತ ಸಣ್ಣ.

"ಒಂದು ಪದ ಸೇರ್ಸು" ಅಂದ್ರು ಮೇಡಂ.

"ಆಗಲ್ಲ ಮೇಡಂ. ಅದು ಆ ಯಜಮಾನ ಕತ್ತರಿಸಿದ್ದು. ಹಿಗ್ಗಿಸಿದ್ರೆ ಮಾತ್ರ ಸಮ ಬರ್ತೈತೆ."

"ಸೈಜು ಮುಟ್ಬ್ಯಾಡ ಅಂತ ಎಷ್ಟು ಸಲ ಹೇಳೀನಿ?"

"ಭಾಳ ಸಲ. ಇದೊಂದು ಸಲ ಮುಟ್ತೀನಿ. ಇಲ್ಲಾಂದ್ರೆ ಆಯಮ್ಮನ ಏಜೆನ್ಸಿ ಹೋಗ್ತೈತೆ. ಆಮೇಲೆ ಮುಟ್ಟಿದ್ರೆ ನೀವೇ ನನ್ನ ಓಡಿಸ್ರಿ."

ಮೇಡಂ ಎದ್ದು ಬಂದ್ರು. ನನ್ನ ಪರದೆ ನೋಡಿದ್ರು. ಪಕ್ಕದಾಗಿದ್ದ ಎರಡು ಕಾಲಂ ಸುದ್ದಿ ಎತ್ತಿ ಪುಟದ ಕೆಳಗೆ ಹಾಕಿದ್ರು. ಆ ಜಾಗಕ್ಕೆ ಒಂದು ಜಾಹೀರಾತು ತಂದಿಟ್ರು. ಆ ಕಡೆ ಹವಾಮಾನದ ಪಟ್ಟಿ ಇಟ್ರು. ಈಗ ಮೇಲೆ ಇನ್ನೊಂದು ಹೆಡ್ಡಿಂಗೇ ಇಲ್ಲ.

"ಈಗ ಹಿಗ್ಗಿಸ್ಕ. ಅಕ್ಷರ ಸಣ್ಣ ಐತೆ ಅಂತ ಯಾರಿಗೂ ಸಿಟ್ಟು ಬರಲ್ಲ ಕಣೋ. ಪಕ್ಕದೋನ ಅಕ್ಷರ ದೊಡ್ಡದೈತೆ ಅಂತ ಸಿಟ್ಟು ಬರ್ತೈತೆ. ಹೆಡ್ಡಿಂಗ್ ಹಾಕ್ಬೇಕಾದ್ರೆ ಅದನ್ನ ನೋಡ್ಬ್ಯಾಡ, ಅದ್ರ ಪಕ್ಕ ಏನೈತೆ ಅಂತ ನೋಡು."

ಹದಿನೈದು ವರ್ಷ ಒಂದೇ ಕುರ್ಚಿ ಮೇಲೆ ಕುಂತೋರ ಮಾತು. ನಾನು ಅದನ್ನ ಶಾಸ್ತ್ರ ಅನ್ಕಂಡಿದ್ದೆ. ಹಿಗ್ಗಿಸ್ದೆ. ನೆರಳಿಲ್ಲ, ಕೆಂಪಿಲ್ಲ, ಚಿಹ್ನೆ ಇಲ್ಲ. ಕರೀ ಅಕ್ಷರ, ಈ ಅಂಚಿಂದ ಆ ಅಂಚಿಗೆ.

ಮಂಗಳವಾರ ಬೆಳಿಗ್ಗೆ ಆರಕ್ಕೇ ಎದ್ದು ಫೋನ್ ಮುಂದೆ ಇಟ್ಕಂಡು ಕುಂತೆ. ಏಳಾಯ್ತು, ಇಲ್ಲ. ಎಂಟಾಯ್ತು, ಇಲ್ಲ. ಎಂಟೂವರೆಗೆ ತಡೀಲಾರ್ದೆ ನಾನೇ ಮಾಡ್ದೆ. ಹಿಂದೆ ಸ್ಕೂಟಿ ಸದ್ದು ಕೇಳ್ತಿತ್ತು.

"ಅಕ್ಕ, ಏನಾಯ್ತು?"

"ಏನಾಗ್ಬೇಕಿತ್ತು?"

"ಪೇಪರ್ ನೋಡಿದ್ರಾ?"

"ನೋಡಿದ್ರು. ಯಜಮಾನಪ್ಪ ಸರಿ ಐತೆ ಅಂದ. ಆ ಕುರಿ ಯಾರ್ದು, ನಮ್ಮ ಕುರಿ ಬಿಟ್ಟು ಅದಕ್ಕೆ ಯಾಕೆ ಹಾರ ಹಾಕಿದ್ರು ಅಂತ ಈಗ ಜಗಳ ಮಾಡ್ತಾ ಕುಂತವ್ರೆ. ಅದು ಪಂಚಾಯ್ತಿದು, ನಿಂದಲ್ಲ, ನೀನು ಹೆದರ್ಕಂಬ್ಯಾಡ."

"ಪೇಪರ್ ಬಿಟ್ರಾ ಯಾರಾದ್ರೂ?"

"ಇಬ್ರು ಬಿಟ್ರು. ಅಳಿಯಪ್ಪ ಒಬ್ಬ. ಮನೆಗೆ ಮಾವಂದು ಒಂದು ಬರ್ತೈತಲ್ಲ, ಅವನು ತನಗೆ ಅಂತ ಬ್ಯಾರೆ ಹಾಕ್ಸಿದ್ದ. ಇನ್ನೊಬ್ರು ಊರೇ ಬಿಟ್ಟು ದಾವಣಗೆರೆಗೆ ಹೋದ್ರು, ಅವ್ರಿಗೂ ನಿನ್ನ ಅಕ್ಷರಕ್ಕೂ ಸಂಬಂಧ ಇಲ್ಲ."

"ಅಂದ್ರೆ ಅರವತ್ತು."

"ಅರವತ್ತು. ಏಜೆನ್ಸಿ ನಂದೇ. ಫೋನಿಡು, ಇನ್ನೂ ಎಂಟು ಮನೆ ಬಾಕಿ ಅವೆ."

ಇಟ್ಟೆ. ಇಷ್ಟೇ ಆಗಿದ್ದು. ಇನ್ನೇನಾದ್ರೂ ಸೇರಿಸ್ರಿ ಅಂದ್ರೆ ನನ್ನ ಹತ್ರ ಏನೂ ಇಲ್ಲ.